ಎರೆ ಹೊಲವೋ, ಮಸಾರಿ ಹೊಲವೋ?

ಕೊಪ್ಪಳ ಕಡೆ ಹೊಲ ಕೊಳ್ಳುವವರಿಗೆ ಇದೇ ಮೊದಲ ಪ್ರಶ್ನೆ. ಎರೆ ಅಂದರೆ ಕಪ್ಪು ಮಣ್ಣು, ಮಸಾರಿ ಅಂದರೆ ಕೆಂಪು ಮಣ್ಣು. ಯಲಬುರ್ಗಾ ಕಡೆ ಎರೆ ಜಾಸ್ತಿ, ಕುಷ್ಟಗಿ ಕಡೆ ಮಸಾರಿ.

ಒಂದು ಹಿಡಿ ಒದ್ದೆ ಮಣ್ಣನ್ನು ಬೆರಳ ನಡುವೆ ಒತ್ತಿ ನೋಡಿ. ಎರೆ ಪಟ್ಟಿಯಂತೆ ಉದ್ದಕ್ಕೆ ಬರುತ್ತದೆ, ಕೈಗೆ ಅಂಟುತ್ತದೆ. ಮಸಾರಿ ಮರಳು ಮರಳಾಗಿ ಉದುರುತ್ತದೆ. ಅದು ಕಣಶಿಲೆ (ಗ್ರಾನೈಟ್) ಸವೆದು ಆದ ಮಣ್ಣು, ಅಲ್ವಾ?

ಎರೆಯ ಗುಣವೆಲ್ಲ ಅದರ ಜೇಡಿಯಲ್ಲಿದೆ. ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ ಬಿತ್ತಿದರೆ ಒಳಗಿನ ಹಸಿಯಲ್ಲೇ ಬೆಳೆ ಬರುತ್ತದೆ. ಆದರೆ ಮಳೆ ಬಿದ್ದ ದಿನ ಹೊಲಕ್ಕೆ ಇಳಿದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ! ಕೆಳಗೆ ಸುಣ್ಣದ ಹರಳು ಎಷ್ಟು ಆಳದಲ್ಲಿದೆ ಎಂದು ಗುಂಡಿ ತೋಡಿಸಿ ನೋಡಿ. ಕಾಲುವೆ ನೀರು ಸುಮ್ನೆ ಹರಿಸುತ್ತ ಹೋದರೆ ಹೊಲ ಸವಳಾಗುತ್ತದೆ, ಅಂದರೆ ಮಣ್ಣಿನಲ್ಲಿ ಉಪ್ಪು ಸೇರುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆ ಇಂಥ ಹೊಲಗಳಿವೆ.

ಮಸಾರಿಯಲ್ಲಿ ನೀರು ಬೇಗ ಬಸಿಯುತ್ತದೆ. ಸಜ್ಜೆ, ಶೇಂಗಾಕ್ಕೆ ಸರಿ. ಹನಿ ನೀರಾವರಿ ಇದ್ದರೆ ದಾಳಿಂಬೆಗೂ ಸೈ. ಮಳೆ ಹತ್ತು ದಿನ ತಪ್ಪಿದರೆ ಮಾತ್ರ ಪೈರು ಬಾಡುತ್ತದೆ.

ಬೋರ್ ಇಲ್ಲದವರಿಗೆ ನಾನು ಹೇಳುವುದು ಎರೆಯನ್ನೇ. ಬೋರ್ ಇದ್ದು ತೋಟದ ಆಸೆ ಇದ್ದರೆ ಮಸಾರಿ ತಗೊಳ್ಳಿ.