ಮೆಥೊಟ್ರೆಕ್ಸೇಟ್: ಕೆಲವು ವರ್ಷ ಬಳಸಿದ ಮೇಲೆ ನನ್ನ ಅಭಿಪ್ರಾಯ

ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುವ ಕೀಲು ಕಾಯಿಲೆಗೆ ನಾನು ಮೆಥೊಟ್ರೆಕ್ಸೇಟ್ ಮಾತ್ರೆ ಶುರು ಮಾಡಿ ಕೆಲವು ವರ್ಷಗಳೇ ಆದವು. ಹೊಸದಾಗಿ ಶುರು ಮಾಡಿದವರಿಗೆ ಮೊದಲೇ ಹೇಳುತ್ತೇನೆ: ಒಂದು ತಿಂಗಳಲ್ಲಿ ಗುಣ ಕಾಣಲಿಲ್ಲ ಅಂತ ಬಿಡಬೇಡಿ. ಇದು ನೋವಿನ ಮಾತ್ರೆ ಅಲ್ಲ.

ನಮ್ಮ ಕಲಬುರಗಿಯಲ್ಲಿ ಕೀಲುನೋವು ಅಂದರೆ ಎಲ್ಲರೂ ಮೊದಲು ನುಂಗುವುದು ಡೈಕ್ಲೊಫೆನಾಕ್. ಅದು ಪ್ರೊಸ್ಟಾಗ್ಲಾಂಡಿನ್ ಅನ್ನುವ ವಸ್ತು ತಯಾರಾಗುವುದನ್ನು ತಡೆದು ನೋವು, ಬಾವು ಇಳಿಸುತ್ತದೆ. ಆದರೆ ಹೊಟ್ಟೆಯ ಒಳಪದರ ಕಾಯುವುದಕ್ಕೂ, ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವುದಕ್ಕೂ ಅದೇ ವಸ್ತು ಬೇಕು. ಅದಕ್ಕೇ ಎದೆಯುರಿ, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮೈಯಲ್ಲಿ ನೀರು ಕಡಿಮೆಯಾದಾಗ ಈ ಮಾತ್ರೆ ನುಂಗಿದರೆ ಕಿಡ್ನಿಗೆ ಇನ್ನೂ ಜಾಸ್ತಿ ಪೆಟ್ಟು. ಇಷ್ಟಾದರೂ ಕೀಲು ಹಾಳಾಗುವುದು ಮಾತ್ರ ನಿಲ್ಲುವುದಿಲ್ಲ.

ಈ ಕಾಯಿಲೆಯಲ್ಲಿ ನಮ್ಮ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಮೆಥೊಟ್ರೆಕ್ಸೇಟ್ ಅದನ್ನು ತಣ್ಣಗೆ ಮಾಡುತ್ತದೆ. ನಿಧಾನ, ಆರರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ತಡೆದುಕೊಳ್ಳಲು ಡಾಕ್ಟರ್ ಪ್ರೆಡ್ನಿಸೊಲೋನ್ ಕೊಟ್ಟು, ಆಮೇಲೆ ಹಂತಹಂತವಾಗಿ ಇಳಿಸಿದರು. ಆ ಸ್ಟೀರಾಯ್ಡ್ ಎರಡೇ ದಿನಕ್ಕೆ ಹಾಯೆನಿಸುತ್ತದೆ, ನಿಜ. ಆದರೆ ಬಹಳ ದಿನ ನುಂಗಿದರೆ ಸಕ್ಕರೆ ಏರುತ್ತದೆ, ಮುಖ ಊದುತ್ತದೆ, ಮೂಳೆ ತೆಳುವಾಗುತ್ತದೆ. ನಮ್ಮಷ್ಟಕ್ಕೆ ನಾವೇ ಒಮ್ಮೆಲೇ ನಿಲ್ಲಿಸುವುದೂ ಅಪಾಯ.

ನನಗೆ ಗುಣ ಗೊತ್ತಾಗಿದ್ದು ರೊಟ್ಟಿ ಬಡಿಯುವಾಗ. ಜೋಳದ ಹಿಟ್ಟು ನಾದಲು ಅಂಗೈ ಬುಡ ಒತ್ತಬೇಕು, ಬಡಿಯಲು ಬೆರಳೆಲ್ಲ ನೆಟ್ಟಗೆ ಚಾಚಬೇಕು. ತೋರುಬೆರಳು, ನಡುಬೆರಳಿನ ಗೆಣ್ಣು ಬಾತು ನನ್ನ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿದು ಹೋಗುತ್ತಿತ್ತು. ಮೂರನೇ ತಿಂಗಳ ಹೊತ್ತಿಗೆ ಬಾವು ಇಳಿಯಿತು, ರೊಟ್ಟಿ ಮತ್ತೆ ದುಂಡಗೆ ಬರತೊಡಗಿತು. ಬೆಳಿಗ್ಗೆ ತಾಸುಗಟ್ಟಲೆ ಇರುತ್ತಿದ್ದ ಬಿಗಿತ ಈಗ ಚಹಾ ಕುಡಿಯುವಷ್ಟರಲ್ಲಿ ಬಿಡುತ್ತದೆ.

ಇನ್ನು ತೊಂದರೆಗಳು. ಮಾತ್ರೆ ತೆಗೆದುಕೊಂಡ ಮರುದಿನ ವಾಕರಿಕೆ, ಸುಸ್ತು. ಬಾಯಲ್ಲಿ ಹುಣ್ಣಾಗಿ ಎಣ್ಣೆಗಾಯಿ ಮುಟ್ಟುವ ಹಾಗಿರಲಿಲ್ಲ. ಬಾಚಣಿಗೆಯಲ್ಲಿ ಕೂದಲು. ಇದು ದೇಹದಲ್ಲಿ ಫೋಲಿಕ್ ಆಸಿಡ್ ಅನ್ನುವ ವಿಟಮಿನ್‌ನ ಕೆಲಸಕ್ಕೆ ಅಡ್ಡ ಬರುವ ಔಷಧಿ, ಅದಕ್ಕೇ ಜೊತೆಗೆ ಬೇರೆ ದಿನ ಫೋಲಿಕ್ ಆಸಿಡ್ ಮಾತ್ರೆ ಕೊಡುತ್ತಾರೆ. ಅದು ಸರಿಯಾಗಿ ತೆಗೆದುಕೊಂಡ ಮೇಲೆ ನನ್ನ ಹುಣ್ಣು ಕಡಿಮೆಯಾದವು. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1940ರ ದಶಕದಲ್ಲಿ ಅಮೆರಿಕದಲ್ಲಿ ಮೆಥೊಟ್ರೆಕ್ಸೇಟನ್ನು ಕ್ಯಾನ್ಸರ್‌ಗಾಗಿ ತಯಾರಿಸಿತ್ತು. 'ಅಯ್ಯೋ, ಕ್ಯಾನ್ಸರ್ ಗುಳಿಗಿ ನುಂಗ್ತೀಯೇನವ್ವಾ' ಅಂತ ಪಕ್ಕದ ಮನೆಯವರು ಗಾಬರಿಯಾಗಿದ್ದರು. ಕೀಲಿಗೆ ಕೊಡುವ ಪ್ರಮಾಣ ಬಹಳ ಕಡಿಮೆ, ಹೆದರಬೇಡಿ.

ಹೆದರಬೇಕಾದ್ದು ಒಂದಕ್ಕೆ. ಇದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಮೂಳೆಮಜ್ಜೆ ರಕ್ತಕಣ ತಯಾರಿಸುವುದನ್ನೇ ನಿಲ್ಲಿಸುತ್ತದೆ, ಪ್ರಾಣವೇ ಹೋಗಬಹುದು. ಒಂದು ಮೆಡಿಕಲ್ ಅಂಗಡಿಯಲ್ಲಿ ಪಾಕೀಟಿನ ಮೇಲೆ 'ದಿನಾ ರಾತ್ರಿ' ಅಂತ ಬರೆದುಕೊಟ್ಟಿದ್ದರು. ಡಾಕ್ಟರ್ ಚೀಟಿ ತೋರಿಸಿ ಅಲ್ಲೇ ತಿದ್ದಿಸಿದೆ. ನನಗೆ ಸಿಗುವ ಫೋಲಿಕ್ ಆಸಿಡ್ ಮಾತ್ರೆಯೂ ಇದೂ ಎರಡೂ ಹಳದಿ, ಅದಲುಬದಲಾಗುವುದು ಸುಲಭ. ಸೋಮವಾರ ಶರಣಬಸವೇಶ್ವರ ಗುಡಿಗೆ ಹೋಗುವ ರೂಢಿ ನನ್ನದು. ಅದೇ ರಾತ್ರಿ ಊಟವಾದ ಮೇಲೆ ಮೆಥೊಟ್ರೆಕ್ಸೇಟ್. ಮರೆಯುವ ಮಾತೇ ಇಲ್ಲ.

ರಕ್ತ ಪರೀಕ್ಷೆಗೆ ಬೇಸರ ಮಾಡಬೇಡಿ. ಒಮ್ಮೆ ನನ್ನ ಲಿವರ್ ಪರೀಕ್ಷೆಯಲ್ಲಿ ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚಾಗುವ ಅಂಶ) ಏರಿತ್ತು. ಮೈಗೆ ಏನೂ ಗೊತ್ತಾಗಿರಲಿಲ್ಲ. ಡೋಸ್ ಇಳಿಸಿದ ಮೇಲೆ ಸರಿಹೋಯಿತು. ಕುಡಿಯುವ ಅಭ್ಯಾಸ ಇದ್ದವರು ಡಾಕ್ಟರ್ ಹತ್ತಿರ ಮುಚ್ಚಿಡಬಾರದು, ಲಿವರ್‌ಗೆ ಎರಡೂ ಕಡೆಯಿಂದ ಹೊಡೆತ. ಒಣಕೆಮ್ಮು, ಏದುಸಿರು ಬಂದರೆ ಅಥವಾ ಜ್ವರ ಬಂದರೆ ಮುಂದಿನ ಡೋಸ್‌ಗೆ ಮೊದಲೇ ಡಾಕ್ಟರ್‌ಗೆ ತೋರಿಸಿ. ಬೇರೆ ಕಾಯಿಲೆಗೆ ಹೋದಾಗಲೂ ಈ ಮಾತ್ರೆಯ ಹೆಸರು ಹೇಳಿ. ಕೋಟ್ರೈಮಾಕ್ಸಜೋಲ್‌ನಂಥ ಆಂಟಿಬಯೋಟಿಕ್ ಇದರ ಜೊತೆ ಸೇರಿದರೆ ಅಪಾಯ. ಗರ್ಭಿಣಿಯರಿಗೆ ಇದು ಬೇಡವೇ ಬೇಡ. ಮಗು ಬೇಕು ಅಂತ ಇರುವವರು ತಿಂಗಳುಗಳ ಮುಂಚೆಯೇ ಡಾಕ್ಟರ್ ಜೊತೆ ಮಾತಾಡಿ ಔಷಧಿ ಬದಲಿಸಿಕೊಳ್ಳಬೇಕು.