ಹೆಂಚಿನ ಮನೆಗೆ ಇನ್‌ಲೈನ್ ಪ್ರೆಶರ್ ಪಂಪ್: ಯಾರಿಗೆ ಸರಿ, ಯಾರಿಗೆ ದಂಡ

ಮಲೆನಾಡಿನ ಹೆಂಚಿನ ಮನೆಗೆ ಟ್ಯಾಂಕ್ ಕೂರಿಸಲು ತಾರಸಿ ಇರುವುದಿಲ್ಲ. ಬಚ್ಚಲ ಪಕ್ಕ ಕಬ್ಬಿಣದ ಸ್ಟ್ಯಾಂಡ್ ಮೇಲೋ ಹಿತ್ತಿಲ ದರೆಯ ಮೇಲೋ ಇಡುತ್ತಾರೆ. ಟ್ಯಾಂಕಿನ ನೀರು 10 ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಸುಮಾರು 1 ಬಾರ್. ಶವರ್‌ಗಿಂತ ಬರೀ 3 ಅಡಿ ಮೇಲಿದ್ದರೆ 0.1 ಬಾರ್ ಕೂಡ ಆಗದು. ಗ್ಯಾಸ್ ಗೀಸರ್ ಹೊತ್ತಿಕೊಳ್ಳದೆ ಸತಾಯಿಸುವುದು ಇದಕ್ಕೇ. ಇಂಥ ಮನೆಗೆ, ಪೈಪಿನ ನಡುವೆಯೇ ಕೂರುವ 100–120 ವ್ಯಾಟಿನ ಪುಟ್ಟ ಪಂಪ್ ನಿಜಕ್ಕೂ ಒಳ್ಳೆಯ ಸಾಮಾನು. ಅಂದಾಜು 0.8 ಬಾರ್ ಸೇರಿಸುತ್ತದೆ, ಸದ್ದು ಕಡಿಮೆ, ಇನ್ವರ್ಟರ್ ಮೇಲೂ ಓಡುತ್ತದೆ. ಒಂದು ಬಚ್ಚಲಿಗೆ ಧಾರಾಳ ಸಾಕು. ಎರಡು ಶವರ್ ಒಟ್ಟಿಗೆ ಬಿಡುವವರು ಅರ್ಧ ಎಚ್‌ಪಿಯ, 24 ಲೀಟರ್ ಪ್ರೆಶರ್ ಟ್ಯಾಂಕ್ ಇರುವ ಪಂಪನ್ನೇ ನೋಡಬೇಕು.

ದುಡ್ಡು ಕೊಡುವ ಮುಂಚೆ 10 ಲೀಟರ್ ಬಕೆಟ್ ಹಿಡಿದು ನೋಡಿ. ಟ್ಯಾಂಕಿಗೆ ಹತ್ತಿರದ ನಲ್ಲಿಯಲ್ಲಿ ಅರ್ಧ ನಿಮಿಷಕ್ಕೆ ತುಂಬಿ, ಅದೇ ಎತ್ತರದಲ್ಲಿರುವ ಬಚ್ಚಲ ನಲ್ಲಿಯಲ್ಲಿ ಎರಡು ನಿಮಿಷ ಹಿಡಿದರೆ ತೊಂದರೆ ಎತ್ತರದ್ದಲ್ಲ, ಪೈಪಿನದು. ಬೋರ್‌ವೆಲ್ ನೀರಿನ ಕೆಂಪು ಗಸಿ ಹಳೇ ಜಿಐ (ಸತುವು ಲೇಪಿಸಿದ ಕಬ್ಬಿಣದ) ಪೈಪಿನೊಳಗೆ ಕಟ್ಟಿಕೊಂಡಿರುತ್ತದೆ. ಅಲ್ಲಿ ಪಂಪ್ ಹಾಕುವುದು ದಂಡ. ಟ್ಯಾಂಕಿನಿಂದ ಒಂದಿಂಚಿನ ಹೊಸ ಪೈಪ್ ಎಳೆದು, ಅರ್ಧ ಇಂಚನ್ನು ಕೊನೆಯ ನಲ್ಲಿಗೆ ಮಾತ್ರ ಇಟ್ಟುಕೊಂಡರೆ ಎಷ್ಟೋ ಮನೆಗೆ ಪಂಪೇ ಬೇಡ.

ಕೂರಿಸುವಾಗ ಪ್ಲಂಬರ್‌ಗಳು ತಪ್ಪುವುದು ಒಂದೇ ಕಡೆ. ಈ ಪಂಪಿನ ಬೇರಿಂಗ್‌ಗೆ ನೀರೇ ಎಣ್ಣೆ. ಪೈಪ್ ನಿಂತಿರಲಿ ಮಲಗಿರಲಿ, ಮೋಟಾರಿನ ಶಾಫ್ಟ್ ಅಡ್ಡಲಾಗಿಯೇ ಇರಬೇಕು. ಮೋಟಾರನ್ನು ಮೇಲ್ಮುಖ ಮಾಡಿದರೆ ಗಾಳಿ ಸೇರಿ ಬೇರಿಂಗ್ ಒಣಗಿ ಕಿರುಗುಟ್ಟುತ್ತದೆ. ಬಾಡಿಯ ಮೇಲಿನ ಬಾಣ ನೀರು ಹೋಗುವ ಕಡೆಗೇ ಇರಲಿ. ಮುಂದೆ ಹಿಂದೆ ಒಂದೊಂದು ವಾಲ್ವ್ ಮತ್ತು ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಕೀಲು), ಒಳಬರುವ ಬದಿಗೆ ಕಸ ಹಿಡಿಯುವ ಜಾಲರಿಯ ವೈ ಸ್ಟ್ರೇನರ್ ಹಾಕಿಸಿ. ಕರೆಂಟ್ ಇಲ್ಲದಾಗ ನೀರು ನಿಲ್ಲದಂತೆ ಎನ್‌ಆರ್‌ವಿ (ನೀರನ್ನು ಒಂದೇ ಕಡೆಗೆ ಬಿಡುವ ವಾಲ್ವ್) ಇರುವ ಬೈಪಾಸ್, ಅಂದರೆ ಪಂಪನ್ನು ಬಳಸಿ ಹೋಗುವ ಪಕ್ಕದ ಪೈಪ್ ಕೂಡ ಬೇಕು. ಮಳೆಗಾಲದಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಕೈಕೊಡುವ ಭಾಗ, ನೀರು ಹರಿದಾಗ ಪಂಪನ್ನು ತಾನೇ ಶುರುಮಾಡುವ ಫ್ಲೋ ಸ್ವಿಚ್. ಅದರೊಳಗೆ ಆಯಸ್ಕಾಂತ ಇರುವ ಪುಟ್ಟ ತುಂಡೊಂದು ನೀರಿನ ಎಳೆತಕ್ಕೆ ಸರಿದರೆ ಪಂಪ್ ಶುರುವಾಗುತ್ತದೆ. ತುಕ್ಕಿನ ಪುಡಿ ಮೆತ್ತಿಕೊಂಡರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ: ಪಂಪ್ ಶುರುವಾಗುವುದೇ ಇಲ್ಲ, ಇಲ್ಲವೇ ನಲ್ಲಿ ಕಟ್ಟಿದರೂ ನಿಲ್ಲುವುದಿಲ್ಲ. ಪ್ಲಗ್ ಕಿತ್ತು, ಎರಡೂ ವಾಲ್ವ್ ಕಟ್ಟಿ, ಸ್ವಿಚ್ ಬಿಚ್ಚಿ ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿದರೆ ಸಾಕು. ನಿಮಿಷಕ್ಕೆ ಒಂದೆರಡು ಲೀಟರ್ ಕೂಡ ಹರಿಯದ ಕಡೆ ಸ್ವಿಚ್ ಏಳುವುದಿಲ್ಲ. ಆಗ ಗುಂಡಿಯನ್ನು ಆಟೋದಿಂದ ಮ್ಯಾನ್ಯುಯಲ್‌ಗೆ ತಿರುಗಿಸಬೇಕು, ಸ್ನಾನ ಮುಗಿದೊಡನೆ ಮರೆಯದೆ ಆರಿಸಬೇಕು. ತಿಂಗಳುಗಟ್ಟಲೆ ನಿಂತ ಪಂಪ್ ಬರೀ ಗುಂಯ್ ಅಂದರೆ, ಕರೆಂಟ್ ತೆಗೆದು, ಮೋಟಾರಿನ ಮಧ್ಯದ ಸ್ಕ್ರೂ ಬಿಚ್ಚಿ ಸ್ಕ್ರೂಡ್ರೈವರಿನಿಂದ ಶಾಫ್ಟನ್ನು ಒಂದು ಸುತ್ತು ತಿರುಗಿಸಿ.

ಶಿವಮೊಗ್ಗ ಪೇಟೆಯವರು ತುಂಗೆಯ ನೀರು ಸಣ್ಣಗೆ ಬರುತ್ತದೆಂದು ಪಾಲಿಕೆಯ ಪೈಪಿಗೇ ಇದನ್ನು ಜೋಡಿಸಬಾರದು. ಎಳೆತಕ್ಕೆ ಪೈಪಿನ ಬಿರುಕುಗಳಿಂದ ಚರಂಡಿ ನೀರು ಒಳಸೇರಬಹುದು, ಪಕ್ಕದ ಮನೆಯ ನೀರೂ ಕಡಿಮೆಯಾಗುತ್ತದೆ. ನೆಲದೊಳಗಿನ ಸಂಪ್‌ಗೆ ಬಿಟ್ಟುಕೊಂಡು ಟ್ಯಾಂಕಿಗೆ ಏರಿಸುವುದೇ ಸರಿ.

ಸೋಲಾರ್ ವಾಟರ್ ಹೀಟರ್ ಇರುವವರು ತಣ್ಣೀರಿಗೆ ಮಾತ್ರ ಪಂಪ್ ಹಾಕಿದರೆ ಮಿಕ್ಸರ್‌ನಲ್ಲಿ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ, ಸೋಲಾರ್ ಟ್ಯಾಂಕಿನ ಗಾಳಿ ಪೈಪಿನಿಂದ ನೀರು ಉಕ್ಕುತ್ತದೆ. ಸಾಮಾನ್ಯ ಸೋಲಾರ್ ಟ್ಯಾಂಕ್ ಒತ್ತಡ ತಡೆಯುವಂಥದ್ದಲ್ಲ, ಹಾಗಾಗಿ ಅದಕ್ಕೆ ನೀರು ಹೋಗುವ ಬದಿಗೂ ಪಂಪ್ ಇಡುವಂತಿಲ್ಲ. ಬಿಸಿನೀರು ಹೊರಬರುವ ಪೈಪಿಗೆ, ಆ ಬಿಸಿ ತಾಳುವ ಇನ್ನೊಂದು ಪಂಪ್ ಹಾಕಿಸಬೇಕು.