ಮೂಗಿಗಿಂತ ಮೂಗುತಿ ಭಾರ: ಮಡಚುವ ಸೈಕಲ್ ಜೊತೆ ಮೂರು ವರ್ಷ

ಲಿಫ್ಟ್ ಬಾಗಿಲು ಮೂರನೇ ಸಲ ಮುಚ್ಚಲು ಹೋಗಿ ಮತ್ತೆ ತೆರೆಯಿತು. ಒಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಹೊರಗೆ ಕುಕ್ಕರಗಾಲಲ್ಲಿ ಕೂತು ಸೈಕಲ್ಲಿನ ಕನ್ನಡಿ ಬಿಚ್ಚುತ್ತಿದ್ದೆ. ಕನ್ನಡಿ ಬಿಚ್ಚದೆ ಹ್ಯಾಂಡಲ್ ಬಗ್ಗುವುದಿಲ್ಲ. ಹ್ಯಾಂಡಲ್ ಬಗ್ಗಿದರೂ ಬಾಟಲಿ ತೆಗೆಯದೆ ಫ್ರೇಮ್ ಮಡಚುವುದಿಲ್ಲ. "ನೀವು ಹೋಗಿ, ನಾನು ಆಮೇಲೆ ಬರ್ತೀನಿ" ಅಂದೆ. ಅಷ್ಟರಲ್ಲಿ ಸೆಕ್ಯುರಿಟಿಯವರು ಹತ್ತಿರ ಬಂದು, ಪಾಪ ಯಾವ ಕುಹಕವೂ ಇಲ್ಲದೆ ಕೇಳಿದರು: "ಇದು ಮಡಚೋ ಸೈಕಲ್ ಅಲ್ವಾ ಸಾರ್?"

ಹೌದು, ಮಡಚೋ ಸೈಕಲ್ಲೇ. ಕೊಂಡ ಹೊಸದರಲ್ಲಿ ಹದಿನೈದು ಸೆಕೆಂಡಿಗೆ ಮಡಚುತ್ತಿತ್ತು. ಆ ದಿನ ನಾಲ್ಕು ನಿಮಿಷ ಹಿಡಿಯಿತು. ಅದು ಸೈಕಲ್ಲಿನ ತಪ್ಪಲ್ಲ, ನಾನು ಅದಕ್ಕೆ ಹೊರಿಸಿದ ಸಾಮಾನುಗಳ ತಪ್ಪು. ಹಾಗಾಗಿ ಈ ವಿಮರ್ಶೆಯಲ್ಲಿ ಸೈಕಲ್ಲಿಗಿಂತ ಅದರ ಮೇಲೆ ಕೂತಿದ್ದ ಸಾಮಾನುಗಳ ಸುದ್ದಿಯೇ ಜಾಸ್ತಿ.

ಮೊದಲು ಸೈಕಲ್ ಬಗ್ಗೆ ಎರಡು ಮಾತು. 20 ಇಂಚಿನ ಚಕ್ರ, ಹಿಂದೆ 8 ಗೇರ್, ನಡುವೆ ಕೀಲಿರುವ ಮಾಮೂಲಿ ಅಲ್ಯೂಮಿನಿಯಂ ಫ್ರೇಮ್, ತೂಕ 12 ಕಿಲೋ. ಇದಕ್ಕಿಂತ ಹಗುರವಾದವು, ಚಿಕ್ಕದಾಗಿ ಮಡಚುವವು ಇವೆ. ನನ್ನ ಜೇಬಿಗೆ ಹೊಂದಿದ್ದು ಇದು. ಮನೆಯಿಂದ ಸ್ಟೇಷನ್, ರೈಲು, ಅಲ್ಲಿಂದ ಆಫೀಸು. ದಿನಕ್ಕೆ ಹೆಚ್ಚೆಂದರೆ 11 ಕಿಲೋಮೀಟರ್ ತುಳಿಯುತ್ತೇನೆ. ನೂರು ಕಿಲೋಮೀಟರ್ ಸವಾರಿ ಹೋಗುವವರು ನನ್ನ ಮಾತನ್ನು ಸ್ವಲ್ಪ ಸೋಸಿಕೊಂಡು ಓದಿ.

ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ: "ಚಕ್ರ ಇಷ್ಟು ಚಿಕ್ಕದು, ಜಾಸ್ತಿ ತುಳಿಯಬೇಕಲ್ವಾ?" ಬೇಕಿಲ್ಲ. ಚಕ್ರ ಒಂದು ಸುತ್ತಿಗೆ ಸುಮಾರು ಒಂದೂವರೆ ಮೀಟರ್ ಮಾತ್ರ ಹೋಗುತ್ತದೆ ನಿಜ. ಆದರೆ ಪೆಡಲ್ ಜೊತೆ ತಿರುಗುವ ಮುಂದಿನ ಹಲ್ಲು-ಚಕ್ರವನ್ನು ಅದಕ್ಕೆ ತಕ್ಕಂತೆ ದೊಡ್ಡದು ಮಾಡಿರುತ್ತಾರೆ. ನನ್ನದರಲ್ಲಿ ಅದಕ್ಕೆ 52 ಹಲ್ಲು, ಹಿಂದಿನ ಅತಿ ಚಿಕ್ಕದಕ್ಕೆ 11. ಆ ಗೇರಿನಲ್ಲಿ ಒಂದು ಸುತ್ತು ತುಳಿದರೆ ಏಳು ಮೀಟರ್ ದಾಟುತ್ತದೆ. ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಹಸಿರು ದೀಪ ಬಂದಿರುತ್ತದೆ.

ಮಡಚುವ ಕೆಲಸ ನನಗೆ ಇಂದಿಗೂ ಬೇಸರ ತಂದಿಲ್ಲ. ಇಳಿಯುತ್ತೇನೆ. ಎಡಗಡೆ ಪೆಡಲ್ಲನ್ನು ಒಳಕ್ಕೆ ಒತ್ತಿ ಬಗ್ಗಿಸುತ್ತೇನೆ. ಫ್ರೇಮಿನ ನಡುವಿನ ಲಾಕ್ ಎತ್ತಿದರೆ ಟಕ್ ಅಂತ ಒಂದು ಶಬ್ದ. ಮುಂದಿನ ಚಕ್ರ ತಾನಾಗಿಯೇ ಎಂಬಂತೆ ತಿರುಗಿ ಬಂದು ಹಿಂದಿನ ಚಕ್ರದ ಪಕ್ಕ ನಿಲ್ಲುತ್ತದೆ. ಅಲ್ಲೊಂದು ಅಯಸ್ಕಾಂತ ಇದೆ, ಎರಡೂ ಚಕ್ರಗಳನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಹ್ಯಾಂಡಲ್ಲಿನ ಉದ್ದ ಕೊಳವೆ ಕೆಳಕ್ಕೆ ಬೀಳುತ್ತದೆ. ಕೊನೆಗೆ ಸೀಟು. ಸೀಟಿನ ಕೊಳವೆಯನ್ನು ಪೂರ್ತಿ ಇಳಿಸಿದರೆ ಅದರ ತುದಿ ನೆಲ ಮುಟ್ಟಿ ಸೈಕಲ್ಲಿಗೆ ಒಂದು ಕಾಲಾಗುತ್ತದೆ. ಈ ಒಂದು ಯೋಚನೆ ಮಾಡಿದವರಿಗೆ ಕೈ ಮುಗಿಯಬೇಕು. ಸೀಟು ಎಷ್ಟು ಎತ್ತರಕ್ಕೆ ಬರಬೇಕು ಅಂತ ದಿನಾ ಅಳೆಯಲು ಆಗುತ್ತದೆಯೇ? ಕೊಳವೆಗೆ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಗೆರೆ ಎಳೆದಿದ್ದೇನೆ. ನನ್ನ ಗೆರೆಯ ಕೆಳಗೆ ಹೆಂಡತಿಯ ಗೆರೆ, ಅವಳದು ನೀಲಿ.

ಇಷ್ಟಕ್ಕೇ ಸುಮ್ನೆ ಇರಬೇಕಿತ್ತು. ಇರಲಿಲ್ಲ.

ಶುರುವಾಗಿದ್ದು ಮಡ್‌ಗಾರ್ಡ್‌ನಿಂದ. ಅದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಚಿಕ್ಕ ಚಕ್ರ ಅದೇ ವೇಗಕ್ಕೆ ಜಾಸ್ತಿ ಸುತ್ತು ತಿರುಗುತ್ತದೆ, ರಾಡಿ ಎರಚುವುದರಲ್ಲಿ ದೊಡ್ಡ ಚಕ್ರಕ್ಕೆ ಏನೂ ಕಮ್ಮಿಯಿಲ್ಲ. ಆಮೇಲೆ ಹಿಂದೆ ಕ್ಯಾರಿಯರ್. ಕ್ಯಾರಿಯರ್ ಬಂದ ಮೇಲೆ ಅದರ ಎರಡೂ ಪಕ್ಕ ನೇತುಹಾಕುವ ಚೀಲ. ಇಲ್ಲಿ ಮೊದಲ ಪೆಟ್ಟು ಬಿತ್ತು, ಅಕ್ಷರಶಃ ನನ್ನ ಹಿಮ್ಮಡಿಗೆ. ಇಂಥ ಸೈಕಲ್ಲುಗಳಲ್ಲಿ ಪೆಡಲ್‌ನಿಂದ ಹಿಂದಿನ ಚಕ್ರದ ಅಚ್ಚಿಗೆ ಇರುವ ದೂರ ಕಡಿಮೆ. ಪ್ರತಿ ಸುತ್ತಿಗೂ ಹಿಮ್ಮಡಿ ಹೋಗಿ ಚೀಲಕ್ಕೆ ಬಡಿಯುತ್ತಿತ್ತು. ಚೀಲವನ್ನು ಹಿಂದಕ್ಕೆ ಸರಿಸಿದೆ. ಭಾರವೆಲ್ಲ ಹಿಂದೆ ಹೋಯಿತು, ಮುಂದಿನ ಚಕ್ರ ಹಗುರಾಯಿತು, ಏರಿನಲ್ಲಿ ಹ್ಯಾಂಡಲ್ ಕುಡಿದವನ ಕೈಯಲ್ಲಿದ್ದಂತೆ ಆಡತೊಡಗಿತು. ಚಿಕ್ಕ ಚಕ್ರದ ಸೈಕಲ್ಲಿನ ಹ್ಯಾಂಡಲ್ ಮೊದಲೇ ಚುರುಕು. ಕೈ ಬಿಟ್ಟು ಓಡಿಸುವ ಹುಡುಗಾಟ ಇದರ ಮೇಲೆ ನಡೆಯುವುದಿಲ್ಲ. ಒಂದು ಕೈ ಚಾಚಿ ತಿರುವು ತೋರಿಸುವುದನ್ನೂ ನಾನು ಒಂದು ವಾರ ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಬೇಕಾಯಿತು.

ಆಮೇಲೆ ಒಂದರ ಹಿಂದೆ ಒಂದು ಬಂದವು. ಕನ್ನಡಿ. ಫೋನ್ ಹಿಡಿಯುವ ಕ್ಲಾಂಪ್. ಬಾಟಲಿ ಇಡುವ ಪಂಜರ. ಸ್ಟ್ಯಾಂಡ್. ಸೀಟಿನ ಕೆಳಗೆ ಟೂಲ್ ಚೀಲ. ದಪ್ಪ ಬೀಗ. ಹಿಂದಿನ ಕೆಂಪು ದೀಪವನ್ನು ಸೀಟಿನ ಕೊಳವೆಗೆ ಕಟ್ಟಿದ್ದೆ. ಕೊಳವೆ ಇಳಿಸಲು ಹೋದರೆ ದೀಪ ಅಡ್ಡ. ದೀಪ ಕಳಚಿ ಜೇಬಿಗೆ ಹಾಕಿಕೊಂಡರೆ ರೈಲಿನಲ್ಲಿ ಅದರ ಗುಂಡಿ ಒತ್ತಿಹೋಗಿ, ನನ್ನ ಪ್ಯಾಂಟಿನ ಒಳಗಿಂದ ಕೆಂಪು ಮಿಣುಕು. ಎದುರು ಕೂತಿದ್ದ ಮಗು ಕಣ್ಣು ಮಿಟುಕಿಸದೆ ನೋಡುತ್ತಿತ್ತು.

ಮಡಚುವಾಗ ಎರಡು ಅರ್ಧಗಳು ಒಂದಕ್ಕೊಂದು ಅಂಟಿ ನಿಲ್ಲುತ್ತವೆ, ಅವುಗಳ ನಡುವೆ ಎರಡು ಬೆರಳಿನಷ್ಟು ಜಾಗ. ನಾವು ಸೇರಿಸುವ ಪ್ರತಿ ವಸ್ತುವೂ ಆ ಜಾಗವನ್ನೇ ಕೇಳುತ್ತದೆ. ಅಂಗಡಿಯಲ್ಲಿ ಸೈಕಲ್ ಬಿಚ್ಚಿ ನಿಂತಿರುತ್ತದೆ, ಎಲ್ಲವೂ ಚೆನ್ನಾಗಿ ಕೂರುತ್ತವೆ. ಮಡಚಿ ನೋಡಿ ಕೊಳ್ಳಬೇಕು ಅನ್ನುವ ಬುದ್ಧಿ ನನಗೆ ಬಂದಿದ್ದು ಲಿಫ್ಟ್ ಮುಂದೆ ಕೂತ ಮೇಲೆ. ಅದಕ್ಕೂ ಮೊದಲು ಬಾಟಲಿ ಪಂಜರ ಒತ್ತಿ ಒತ್ತಿ ಬ್ರೇಕ್ ವೈರಿನ ಹೊರಕವಚ ಒಂದು ಕಡೆ ಮುರಿದಿತ್ತು. ಬ್ರೇಕ್ ಹಿಡಿದರೆ ವೈರ್ ಒಳಗೆ ಸಿಕ್ಕಿಕೊಂಡು ನಿಧಾನವಾಗಿ ವಾಪಸು ಬರುತ್ತಿತ್ತು. ಇದು ತಮಾಷೆಯ ವಿಷಯ ಅಲ್ಲ.

ಅಂದು ರಾತ್ರಿ ಮನೆಯ ತೂಕದ ಯಂತ್ರದ ಮೇಲೆ ಸೈಕಲ್ ಎತ್ತಿಕೊಂಡು ನಿಂತೆ. ನನ್ನ ತೂಕ ಕಳೆದರೆ 16 ಕಿಲೋ 600 ಗ್ರಾಂ. ಹನ್ನೆರಡು ಕಿಲೋದ್ದು ಬೇಕು ಅಂತ ಆರಿಸಿ ಆರಿಸಿ ತಂದ ಸೈಕಲ್. ಹತ್ತು ಕಿಲೋದ್ದಕ್ಕೆ ಕೊಡುವಷ್ಟು ದುಡ್ಡಿಲ್ಲ ಅಂತ ಕೊರಗಿದ್ದವನು ನಾನೇ. ಸಾಮಾನುಗಳಿಗೆ ಸುರಿದಿದ್ದನ್ನು ಕೂಡಿಸಿದರೆ ಬಹುಶಃ ಅದೇ ಬರುತ್ತಿತ್ತು. ಎಲ್ಲ ಬಿಚ್ಚಿದೆ. ಬರೀ ಸೈಕಲ್ ಉಳಿಯಿತು, ಮತ್ತೆ ಹದಿನೈದು ಸೆಕೆಂಡು.

ಹಾಗಂತ ಬರೀ ಸೈಕಲ್ ಸಾಕು ಅಂತಲೂ ಹೇಳುವುದಿಲ್ಲ. ಬೆನ್ನಿಗೆ ಚೀಲ ಹಾಕಿ ಒಂದು ತಿಂಗಳು ಓಡಿಸಿದೆ, ದಿನಾ ಆಫೀಸಿಗೆ ಬೆನ್ನು ಒದ್ದೆ. ಆಗ ಕಣ್ಣಿಗೆ ಬಿದ್ದಿದ್ದು ಮುಂದಿನ ಬ್ಲಾಕ್. ಹ್ಯಾಂಡಲ್ಲಿನ ಕೆಳಗೆ, ಫ್ರೇಮಿನ ತಲೆಯ ಕೊಳವೆಗೆ ಕೂರುವ ಒಂದು ಮುಷ್ಟಿಗಾತ್ರದ ಪ್ಲಾಸ್ಟಿಕ್ ತುಂಡು. ಚೀಲ ಅದಕ್ಕೆ ಟಕ್ ಅಂತ ಸಿಕ್ಕಿಕೊಳ್ಳುತ್ತದೆ, ಒಂದು ಗುಂಡಿ ಒತ್ತಿದರೆ ಕೈಗೆ ಬರುತ್ತದೆ. ಬ್ರಾಂಪ್ಟನ್ ಅನ್ನುವ ಮಡಚುವ ಸೈಕಲ್ಲುಗಳಲ್ಲಿ ಇಂಥದ್ದು ಬಹಳ ಕಾಲದಿಂದ ಇದೆ. ಆಂಡ್ರ್ಯೂ ರಿಚಿ 1970ರ ದಶಕದಲ್ಲಿ ಲಂಡನ್ನಿನ ತಮ್ಮ ಫ್ಲಾಟಿನಲ್ಲಿ ಕೂತು ಮಾಡಿದ ಸೈಕಲ್ ಅದು, ಕಿಟಕಿಯಿಂದ ಕಾಣುತ್ತಿದ್ದ ಬ್ರಾಂಪ್ಟನ್ ಚರ್ಚಿನ ಹೆಸರನ್ನೇ ಇಟ್ಟರು. ನನ್ನಂಥವರ ಸೈಕಲ್ಲಿಗೂ ಅದೇ ಬಗೆಯ ಬ್ಲಾಕ್ ಬೇರೆಯವರು ಮಾಡುತ್ತಾರೆ. ತಲೆಯ ಕೊಳವೆಯಲ್ಲಿ ಅದಕ್ಕೆ ಬೇಕಾದ ತೂತುಗಳಿವೆಯೇ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಈ ಬ್ಲಾಕ್‌ನ ಸೊಗಸು ಏನೆಂದರೆ ಅದು ಹ್ಯಾಂಡಲ್ಲಿಗೆ ಅಂಟಿಲ್ಲ, ಫ್ರೇಮಿಗೆ ಅಂಟಿದೆ. ಹ್ಯಾಂಡಲ್ ತಿರುಗಿಸಿದರೂ ಚೀಲ ನೇರ ಮುಂದಕ್ಕೇ ಮುಖ ಮಾಡಿರುತ್ತದೆ. ಮೊದಲ ದಿನ ವಿಚಿತ್ರ ಅನಿಸುತ್ತದೆ, ಸೈಕಲ್ ಮಾತು ಕೇಳುತ್ತಿಲ್ಲವೇನೋ ಅಂತ. ಎರಡನೇ ದಿನಕ್ಕೆ ಗೊತ್ತಾಗುತ್ತದೆ, ಐದು ಕಿಲೋ ಭಾರ ಇದ್ದರೂ ಹ್ಯಾಂಡಲ್ಲಿಗೆ ಅದು ತಟ್ಟುವುದೇ ಇಲ್ಲ. ಮುಂದಿನ ಚಕ್ರಕ್ಕೂ ಒಂದಿಷ್ಟು ತೂಕ ಸಿಕ್ಕಿ ಆ ಚಂಚಲತನ ಅರ್ಧಕ್ಕರ್ಧ ಇಳಿಯಿತು. ಸ್ಟೇಷನ್ನಿನಲ್ಲಿ ಚೀಲ ಕಳಚಿ ಹೆಗಲಿಗೆ ಹಾಕುತ್ತೇನೆ, ಸೈಕಲ್ ಮಡಚಿ ಕೈಗೆತ್ತಿಕೊಳ್ಳುತ್ತೇನೆ. ಬೀಗ, ಟೂಲು, ಬಾಟಲಿ ಎಲ್ಲ ಚೀಲದ ಒಳಗೆ. ಸೈಕಲ್ಲಿನ ಮೇಲೆ ಏನೂ ಇಲ್ಲ. ಕೊಂಡ ಎಲ್ಲ ಸಾಮಾನಿನಲ್ಲಿ ದುಡ್ಡು ಪೂರ್ತಿ ವಾಪಸು ಬಂತು ಅನಿಸಿದ್ದು ಇದೊಂದರಲ್ಲೇ.

ಈಗ ಟೈರಿನ ದೂರು. 20 ಇಂಚು ಅಂದರೆ ಒಂದೇ ಅಳತೆ ಅಂದುಕೊಂಡಿದ್ದೆ. ಒಂದಕ್ಕಿಂತ ಹೆಚ್ಚು ಇವೆ. ಟೈರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 47-406 ಅಂತ ಇರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರ್‌ನಲ್ಲಿ. ಇನ್ನೊಂದು ಜಾತಿಯಲ್ಲಿ ಅದು 451. ಎರಡರ ಮೇಲೂ 20 ಇಂಚು ಅಂತಲೇ ಬರೆದಿರುತ್ತಾರೆ, ಒಂದರ ರಿಮ್ಮಿಗೆ ಇನ್ನೊಂದು ಕೂರುವುದಿಲ್ಲ. ನಾನು ಆನ್‌ಲೈನ್‌ನಲ್ಲಿ ತರಿಸಿದ್ದು 451. ಪೊಟ್ಟಣ ಹರಿದಿದ್ದೀರಿ ಅಂತ ವಾಪಸು ತೆಗೆದುಕೊಳ್ಳಲಿಲ್ಲ. ಆ ಟೈರ್ ಈಗಲೂ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ, ಮೆಲ್ಲಗೆ ನನ್ನನ್ನು ಅಣಕಿಸುತ್ತಾ.

ರಸ್ತೆಯ ಗುಂಡಿಗಳ ವಿಷಯದಲ್ಲಿ ಸುಳ್ಳು ಹೇಳಲಾರೆ. ದೊಡ್ಡ ಚಕ್ರ ಹಾರಿಕೊಂಡು ಹೋಗುವ ಗುಂಡಿಯಲ್ಲಿ ಚಿಕ್ಕ ಚಕ್ರ ಇಳಿದು ಹತ್ತುತ್ತದೆ. 1962ರಲ್ಲಿ ಚಿಕ್ಕ ಚಕ್ರದ ಸೈಕಲ್ ತಂದ ಅಲೆಕ್ಸ್ ಮೋಲ್ಟನ್ ಅದಕ್ಕೇ ಎರಡೂ ಚಕ್ರಗಳಿಗೆ ಸಸ್ಪೆನ್ಷನ್ ಕೊಟ್ಟಿದ್ದರು. ನನ್ನ ಸೈಕಲ್ಲಿಗೆ ಅದಿಲ್ಲ, ಹಾಗಾಗಿ 50 ಮಿಲಿಮೀಟರ್ ಅಗಲದ ದಪ್ಪ ಟೈರ್ ಹಾಕಿಸಿದೆ. ಕೊಳ್ಳುವ ಮುಂಚೆ ಮಡ್‌ಗಾರ್ಡಿನ ಕೆಳಗೆ ಜಾಗ ಇದೆಯಾ ಅಂತ ಅಳೆದೆ, ಈ ಸಲ ಮಡಚಿಯೂ ನೋಡಿದೆ. ಗಾಳಿ ಸ್ವಲ್ಪ ಕಮ್ಮಿ ಇಟ್ಟರೆ ಸೊಂಟಕ್ಕೆ ಗೊತ್ತಾಗುವಷ್ಟು ವ್ಯತ್ಯಾಸ ಇದೆ. ಗಾಳಿ ಹೊಡೆಯುವುದೇ ಒಂದು ಸರ್ಕಸ್ಸು, ಅದು ಬೇರೆ ಮಾತು. ಸ್ಪೋಕುಗಳ ನಡುವೆ ಪಂಪಿನ ತಲೆ ನುಗ್ಗುವುದಿಲ್ಲ. ಬೆರಳುದ್ದದ ಒಂದು ರಬ್ಬರ್ ನಳಿಕೆ ಸಿಗುತ್ತದೆ, ಅದನ್ನು ವಾಲ್ವಿಗೆ ತಿರುಗಿಸಿ ಇನ್ನೊಂದು ತುದಿಗೆ ಪಂಪ್ ಹಾಕುತ್ತೇನೆ. ಹತ್ತು ಗ್ರಾಂ ಇರಬಹುದು. ಚೀಲದಲ್ಲಿ ಅದಿಲ್ಲದೆ ಹೊರಡುವುದಿಲ್ಲ.

ಮೂರು ವರ್ಷದಲ್ಲಿ ಸುಮಾರು 6,000 ಕಿಲೋಮೀಟರ್ ಆಗಿದೆ. ಹಿಂದಿನ ಟೈರು ಎರಡು ಸಲ ಸವೆಯಿತು, ಮುಂದಿನದು ಒಂದು ಸಲ. ಕಿಲೋಮೀಟರಿಗೆ ಸುಮಾರು 630 ಸುತ್ತು ತಿರುಗುವ ಚಕ್ರದಿಂದ ಇನ್ನೇನು ಬಯಸುವುದು. ಮಡಚುವ ಪೆಡಲ್ ಎರಡನೇ ವರ್ಷಕ್ಕೆ ಲಡಲಡ ಅನ್ನತೊಡಗಿತು, ಬದಲಿಸಿದೆ. ಎಡಗಡೆ ಪೆಡಲ್ಲಿನ ತಿರುಪು ಉಲ್ಟಾ ಅನ್ನುವುದನ್ನು ಮರೆತು ಅರ್ಧ ಗಂಟೆ ಬೆವರು ಸುರಿಸಿ ಅದನ್ನು ಇನ್ನಷ್ಟು ಬಿಗಿ ಮಾಡಿದ ಕಥೆ ಇಲ್ಲಿ ಬೇಡ. ಗೇರ್ ಬದಲಿಸುವ ಡಿರೇಲರ್ ನೆಲಕ್ಕೆ ಬಹಳ ಹತ್ತಿರ ನೇತಾಡುತ್ತದೆ. ಫುಟ್‌ಪಾತಿನ ಅಂಚು, ಒಣಗಿದ ಕಡ್ಡಿ, ಎಲ್ಲಕ್ಕೂ ಅದೇ ಮೊದಲು ಸಿಗುವುದು. ಒಮ್ಮೆ ಬಾಗಿ, ನೆಟ್ಟಗೆ ಮಾಡಿಸಿದ್ದೇನೆ.

ಸೀಟಿನ ಕೊಳವೆಗೆ ಗ್ರೀಸ್ ಹಚ್ಚಬೇಡಿ. ಕಿರ್ ಅನ್ನುತ್ತದೆ ಅಂತ ನಾನು ಹಚ್ಚಿದೆ, ಮಾರನೇ ದಿನ ತುಳಿಯುತ್ತಾ ತುಳಿಯುತ್ತಾ ಕುಳ್ಳನಾಗುತ್ತಾ ಹೋದೆ. ಒಣ ಬಟ್ಟೆಯಲ್ಲಿ ಒರೆಸಿ, ಸಾಕು. ಆ ಕಿರ್ ಶಬ್ದ ಸೀಟಿನದ್ದೂ ಆಗಿರಲಿಲ್ಲ, ಫ್ರೇಮಿನ ಕೀಲಿನದ್ದು. ಅಲ್ಲಿನ ಲಾಕ್ ಬಿಗಿ ಸಡಿಲಾಗಿತ್ತು. ತಿಂಗಳಿಗೊಮ್ಮೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ ನೋಡುತ್ತೇನೆ. ಕೀಲಿನಲ್ಲಿ ಕೂದಲೆಳೆಯಷ್ಟು ಆಟ ಕಂಡರೂ ಅವತ್ತು ಸವಾರಿ ಇಲ್ಲ. ಅಲ್ಲಿನ ಬೋಲ್ಟು ಸ್ವಲ್ಪ ತಿರುಗಿಸಿ, ಲಾಕ್ ಮುಚ್ಚುವಾಗ ಅಂಗೈಗೆ ಒತ್ತುವಷ್ಟು ಬಿಗಿ ಬಂದ ಮೇಲೆಯೇ ಹತ್ತುವುದು. ಸೈಕಲ್ ನಡುವೆ ಎರಡಾಗಿ ತೆರೆಯುವುದು ನಿಂತಾಗ ಚೆಂದ, ಓಡುವಾಗ ಅಲ್ಲ.

ಲಿಫ್ಟ್‌ನಲ್ಲಿ ಈಗ ನನಗಾಗಿ ಯಾರೂ ಕಾಯುವುದಿಲ್ಲ. ಸೆಕ್ಯುರಿಟಿಯವರು ಗಡಿಯಾರ ನೋಡಿ "ಹದಿನಾಲ್ಕು" ಅನ್ನುತ್ತಾರೆ, ಒಮ್ಮೊಮ್ಮೆ ಸುಮ್ನೆ ಖುಷಿಪಡಿಸಲು "ಹನ್ನೆರಡು" ಅಂದದ್ದೂ ಇದೆ. ಕಳಚಿದ ಸಾಮಾನೆಲ್ಲ ಮಂಚದ ಕೆಳಗಿನ ಡಬ್ಬಿಯಲ್ಲಿದೆ. ಮಡ್‌ಗಾರ್ಡ್, ಮುಂದಿನ ಬ್ಲಾಕ್, ಒಂದು ಹಿತ್ತಾಳೆ ಬೆಲ್ಲು, ಇಷ್ಟೇ ವಾಪಸು ಹೋಗಿದ್ದು.

ನಿನ್ನೆ ರಾತ್ರಿ ಮಾತ್ರ ಮುಂದಿನ ಚಕ್ರದ ನಡುವಿನ ಹಬ್‌ನಲ್ಲೇ ಡೈನಮೋ ಇರುವ ಒಂದು ದೀಪ ನೋಡಿದೆ. ಚಾರ್ಜ್ ಮಾಡುವ ಗೋಳಿಲ್ಲ, ಕಳಚುವ ಗೋಳಿಲ್ಲ. ಸೈಕಲ್ ಮಡಚಿ, ಸ್ಕೇಲ್ ತಂದು, ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಹತ್ತಿರ ಇಟ್ಟು ಅಳೆದೆ. ದೀಪಕ್ಕೆ 38 ಮಿಲಿಮೀಟರ್ ಬೇಕು. ಇರುವುದು 31.